ಗೌಡರ ಮನೆಯ ಹೇಳಿಕೆ

ಮದುವೆಯಾಗಿ ಆ ಊರಿಗೆ ಹೋದ ಮೊದಲ ವಾರವೇ ನನಗೊಂದು ಅನುಮಾನ ಬಂತು. ನಾನು ಮದುವೆಯಾಗಿರುವುದು ಮನುಷ್ಯನನ್ನೋ, ಇಲ್ಲಾ ಯಾವುದಾದರೂ ಸರ್ಕಾರಿ ಆಫೀಸನ್ನೋ? ಬೆಳಿಗ್ಗೆ ಕರೆಂಟ್ ಮೀಟರ್ ನೋಡುವವನು ಬಂದು ನಮ್ಮ ಜಗಲಿಯ ಮೇಲೆ ಕೂತ. ಅವನು ಎದ್ದು ಹೋಗುವುದರೊಳಗೆ ಕಂದಾಯದ ಆಫೀಸಿನವನು ಬಂದ. ಮಧ್ಯಾಹ್ನ ಬೇರಿಕೆಯ ಬಸ್ಸಿಳಿದು ದನದ ಡಾಕ್ಟರು ಬಂದರು. ಅವರಿಗೆ ಕಾಯಿಲೆ ಬಿದ್ದ ದನ ಯಾರದು ಎನ್ನುವುದಕ್ಕಿಂತ ಅತ್ತೆ ಕಾಫಿಗೆ ಇಟ್ಟಿದ್ದಾರಾ ಇಲ್ಲವಾ ಎನ್ನುವುದರ ಮೇಲೇ ಗಮನವಿತ್ತು. ಬುಧವಾರ ನರ್ಸಮ್ಮ ಲಸಿಕೆಯ ಡಬ್ಬ ಹಿಡಿದು ಬಂದು, ನಮ್ಮ ಫ್ರಿಜ್ಜಿನ ಬಾಗಿಲನ್ನು ತಮ್ಮ ಮನೆಯದೇ ಎನ್ನುವಷ್ಟು ಸಲುಗೆಯಿಂದ ತೆಗೆದರು.

ಅತ್ತೆಗೆ ಇದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ. ಮಾವ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಗೌಡಿಕೆ ಎಂಬ ಹುದ್ದೆಯನ್ನು ತಮಿಳುನಾಡು ಸರ್ಕಾರ ತೆಗೆದುಹಾಕಿ ಅದಕ್ಕಿಂತಲೂ ಹೆಚ್ಚು ಕಾಲವಾಗಿತ್ತು. ನನ್ನ ಗಂಡ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವವನು, ಊರಿನ ಗೌಡ ಯಾರು ಎಂದು ಯಾರಾದರೂ ಕೇಳಿದರೆ ಬಸ್ಸಿಗೆ ಹೊತ್ತಾಯಿತು ಎಂದು ಜಾಗ ಖಾಲಿ ಮಾಡುವವನು. ಹುದ್ದೆ ಇರಲಿಲ್ಲ, ಅದನ್ನು ಮಾಡುವ ಗಂಡಸೂ ಇರಲಿಲ್ಲ. ಆದರೂ ಗೌಡಿಕೆ ನಡೆಯುತ್ತಲೇ ಇತ್ತು, ಅದನ್ನು ಅಡುಗೆಮನೆಯಿಂದ ಅತ್ತೆ ನಡೆಸುತ್ತಿದ್ದರು.

ನಾನು ಬೆಳೆದ ರೀತಿಯೇ ಬೇರೆ. ಅಪ್ಪ ಕರ್ನಾಟಕದಿಂದ ಹೊಸೂರಿಗೆ ಕೆಲಸ ಹುಡುಕಿಕೊಂಡು ಬಂದವರು. ಒಂದೇ ಗೋಡೆಗೆ ಅಂಟಿಕೊಂಡ ಬಾಡಿಗೆ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ನೀರಿನ ಲಾರಿ ಬಂತೆಂದರೆ ಕೊಡಗಳ ಸಾಲು ಬೀದಿಯ ತುದಿವರೆಗೂ ಬೆಳೆಯುತ್ತಿತ್ತು. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಬೈಗುಳ ಕೇಳಿಸುತ್ತಿತ್ತು. ನನ್ನ ಅಮ್ಮ ಮೂರರಲ್ಲೂ ಜವಾಬು ಕೊಡುತ್ತಿದ್ದಳು. ಆದರೆ ಯಾವ ಮನೆತನದವರು ಎಂದು ಅಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಮೊದಲು ಬಂದವರಿಗೆ ಮೊದಲು ನೀರು, ತಡವಾಗಿ ಬಂದವರು ಬೈಸಿಕೊಂಡು ಹಿಂದೆ ನಿಲ್ಲಬೇಕು, ಅಷ್ಟೇ.

ಗಂಡನ ಊರಿನಲ್ಲಿ ಅಂಥ ಸಾಲು ಇರಲಿಲ್ಲ. ಯಾರ ನಂತರ ಯಾರು ಎನ್ನುವುದು ನಾವು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಊರಿಗೊಂದು ಹಳೆಯ ಮಣ್ಣಿನ ಕೋಟೆಯಿತ್ತು. ಈಗ ಅದು ಸೀತಾಫಲದ ಗಿಡ ಬೆಳೆದ ದಿಬ್ಬ, ಅದರ ಬಾಗಿಲ ಕಲ್ಲುಗಂಬಗಳ ಹತ್ತಿರ ಬಸ್ಸು ನಿಲ್ಲುತ್ತದೆ. ಒಳಗೆ ಕಾಲಿಟ್ಟರೆ ಎದುರಿಗೇ ನಮ್ಮ ಮನೆ. ನೀರಿನ ಟ್ಯಾಂಕನ್ನು ನಮ್ಮ ಮನೆಯ ಪಕ್ಕದ ಎತ್ತರದಲ್ಲಿ ಕಟ್ಟಿದ್ದಾರೆ. ಅಲ್ಲಿಂದ ಪೈಪು ಕೋಟೆಯೊಳಗಿನ ಮನೆಗಳನ್ನೆಲ್ಲ ಮುಗಿಸಿಕೊಂಡು, ಕೋಟೆಯಾಚೆಗಿರುವ ಕೆಳಗಿನ ಕೇರಿಗೆ ಕೊನೆಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ನೀರು ದಾರದಷ್ಟು ಸಣ್ಣಗಾಗಿರುತ್ತದೆ. ಲಾರಿಯ ಹಿಂದೆ ಓಡಿದವಳಿಗೆ ಬಚ್ಚಲಲ್ಲೇ ನಲ್ಲಿ ಸಿಕ್ಕಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲ ವರ್ಷ ನನಗೆ ಇದೆಲ್ಲ ಬಹಳ ಖುಷಿ ಕೊಟ್ಟಿತು.

ಒಂದು ದಿನ ಹುರುಳಿ ಆರಿಸುತ್ತಾ ಅತ್ತೆಯನ್ನು ಕೇಳಿದೆ, ಇವರೆಲ್ಲ ನಮ್ಮ ಮನೆಗೇ ಯಾಕೆ ಬರುತ್ತಾರೆ ಎಂದು.

"ಇನ್ನೆಲ್ಲಿಗೆ ಹೋಗ್ತಾರಮ್ಮ?" ಎಂದರು ಅತ್ತೆ. "ಕೋಟೆ ಇದ್ದ ಕಾಲದಾಗೆ ಪಾಳೇಗಾರ್ರ ಕಡೆಯೋರು ಕುದ್ರೆ ಮ್ಯಾಲೆ ಬಂದು ಇಲ್ಲೇ ಇಳೀತಿದ್ರಂತೆ. ಹುಲ್ಲು, ಹಾಲು, ಸೌದೆ ಎಲ್ಲಾ ನಮ್ಮನೇದು. ಊರಿನಿಂದ ಏನಾಗ್ಬೇಕು ಅಂತ ಅವ್ರು ಗೌಡಂಗೆ ಹೇಳೋರು, ಗೌಡ ತಳವಾರಂಗೆ ಹೇಳೋನು, ತಳವಾರ ಮನೆಮನೆಗೂ ಹೋಗಿ ಹೇಳೋನು. ಆಮ್ಯಾಕೆ ಬಿಳೀ ದೊರೆ ಬಂದ, ಅವ್ನೂ ಇಲ್ಲೇ ಇಳ್ದ. ಈಗ ನಿನ್ನ ನರ್ಸಮ್ಮ ಇಳೀತಾಳೆ."

ತಳವಾರ ಮನೆಮನೆಗೆ ಒಯ್ಯುವ ಆ ಮಾತಿಗೆ ಊರಲ್ಲಿ ಹೇಳಿಕೆ ಎಂದು ಹೆಸರು. ನಾನು ಹೋದ ಮೇಲೂ ಅದು ನಡೆಯುತ್ತಿತ್ತು. ಮಂಗಳವಾರ ಸಾಯಂಕಾಲ ಅತ್ತೆ ಜಗಲಿಗೆ ಬಂದು ನಿಲ್ಲುತ್ತಿದ್ದರು. ಕೆಳಗಿನ ಕೇರಿಯ ತಳವಾರ, ಅತ್ತೆಗಿಂತ ಎಷ್ಟೋ ದೊಡ್ಡ ವಯಸ್ಸಿನವನು, ಅಂಗಳಕ್ಕೆ ಬಂದು ಹೆಗಲ ಮೇಲಿನ ಟವೆಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. "ನಾಳೆ ನರ್ಸಮ್ಮ ಬತ್ತಾಳೆ, ಕೇರಿಗೆಲ್ಲ ಹೇಳ್ಬುಟ್ಟು ಬಾ" ಎಂದು ಅತ್ತೆ ಹೇಳುವರು. "ಅಪ್ಪಣೆ ತಾಯಿ" ಎಂದು ಅವನು ಹೊರಡುವನು. ಮಾರನೇ ದಿನ ಕೇರಿಯ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬರುವರು.

ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಹೊಸ ಜಿಲ್ಲೆಯಾದ ವರ್ಷ ನಾನು ಬಸುರಿಯಾದೆ. ತಳವಾರ ತಾತನ ಸೊಸೆಯೂ ಆಗಲೇ ಬಸುರಿಯಾಗಿದ್ದಳು. ಅವಳು ತಳಿ ಎಂಬ ಊರಿನ ಕಡೆಯ ಹುಡುಗಿ, ರೋಜಾ ಹೂವಿನ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದಳು. ಬೆರಳ ತುಂಬಾ ಮುಳ್ಳಿನ ಗೀರು, ಮಾತು ಕಡಿಮೆ, ನಕ್ಕರೆ ಮಾತ್ರ ಪೂರ್ತಿ ನಗುವಳು. ನನ್ನನ್ನು ಅಕ್ಕ ಅನ್ನು ಎಂದು ಎಷ್ಟು ಸಲ ಹೇಳಿದರೂ "ಆಯ್ತು ಅಮ್ಮಾವ್ರೆ" ಎನ್ನುತ್ತಿದ್ದಳು.

ಆ ಬುಧವಾರಗಳು ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ. ನನ್ನನ್ನು ನರ್ಸಮ್ಮ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಕುರ್ಚಿಯಲ್ಲಿ ಕೂರಿಸಿ ನೋಡುವರು. ರಕ್ತದೊತ್ತಡದ ಪಟ್ಟಿಯನ್ನು ತೋಳಿಗೆ ಸುತ್ತಿ, ಹೊಟ್ಟೆ ಮುಟ್ಟಿ ನೋಡಿ, ಉಪ್ಪಿನಕಾಯಿ ಕಡಿಮೆ ಮಾಡಮ್ಮಾ ಎಂದು ತಮಿಳಿನಲ್ಲಿ ಗದರುವರು. ಆಮೇಲೆ ಅದೇ ಪಟ್ಟಿ ಹಿಡಿದು ಅಂಗಳಕ್ಕೆ ಇಳಿಯುವರು. ತಾತನ ಸೊಸೆ ದನ ಕಟ್ಟುವ ಗೂಟದ ಪಕ್ಕದ ಕಲ್ಲಿನ ಮೇಲೆ ಬಿಸಿಲಲ್ಲಿ ಕೂತಿರುವಳು. ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ, ಬರಬೇಡ ಎಂದೂ ಯಾರೂ ಹೇಳಲಿಲ್ಲ. ಅವಳ ಹೊಟ್ಟೆ ಮುಟ್ಟಿ ನೋಡಬೇಕಾದಾಗ ನರ್ಸಮ್ಮ ಕೊಟ್ಟಿಗೆಯ ಒಳಕ್ಕೆ ಕರೆದುಕೊಂಡು ಹೋಗುವರು. ಮೊದಲ ಸಲ ಅದನ್ನು ನೋಡಿದಾಗ ನನ್ನ ಕೈಯಲ್ಲಿ ಅತ್ತೆ ಕೊಟ್ಟ ಹಾಲಿನ ಲೋಟವಿತ್ತು. ನನಗೆ ನಾಚಿಕೆಯಾಯಿತು, ಹಾಲನ್ನು ಮಾತ್ರ ಪೂರ್ತಿ ಕುಡಿದೆ.

ನಾಚಿಕೆಯನ್ನು ಹೊತ್ತುಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಮುಂದಿನ ವಾರವೇ ನರ್ಸಮ್ಮನನ್ನು ಹಿಡಿದುಕೊಂಡೆ. ಕೋಟೆಗೂ ಕೇರಿಗೂ ನಡುವೆ ಬಾಲವಾಡಿ ಇದೆ, ಸಣ್ಣ ಮಕ್ಕಳ ಅಂಗನವಾಡಿ, ಇನ್ನು ಮೇಲೆ ಅಲ್ಲೇ ಕೂತುಕೊಳ್ಳಿ, ಎಲ್ಲರಿಗೂ ಒಂದೇ ಜಾಗ, ನಾನೂ ಅಲ್ಲಿಗೇ ಬರುತ್ತೇನೆ ಎಂದೆ. ನರ್ಸಮ್ಮ ಮುಖ ಗಂಟು ಹಾಕಿದರು. "ಅಂಗ ಫ್ಯಾನ್ ಇಲ್ಲಮ್ಮಾ" ಎಂದರು, ಅಲ್ಲಿ ಫ್ಯಾನಿಲ್ಲವಂತೆ. ಕಾಫಿಯೂ ಇಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಾಲವಾಡಿಯಲ್ಲೇ ಕೂರಬೇಕೆಂದು ಅವರ ಮೇಲಿನವರು ಮೊದಲೇ ಹೇಳಿದ್ದರಂತೆ. ಒಪ್ಪಿಕೊಂಡರು.

ಅತ್ತೆಗೆ ವಿಷಯ ತಿಳಿದಾಗ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಬಾಗ್ಲಿಗೆ ಬಂದೋರ್ನ ಕತ್ತು ಹಿಡಿದು ಆಚೆಗೆ ಹಾಕ್ದೆ" ಎಂದಷ್ಟೇ ಹೇಳಿ, ಕಾಫಿ ಬೀಜ ಹುರಿಯುವ ಬಾಣಲೆಯನ್ನು ಅಟ್ಟಕ್ಕೆ ಹಾಕಿದರು. ಆ ಮಂಗಳವಾರ ಅವರು ಜಗಲಿಗೆ ಬರಲಿಲ್ಲ. ಅಂಗಳಕ್ಕೆ ಬಂದ ತಳವಾರ ತಾತ ಸ್ವಲ್ಪ ಹೊತ್ತು ನಿಂತಿದ್ದು, ಸೊಂಟದ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹಿಂತಿರುಗಿದ. ಅದನ್ನು ನಾನು ಕಿಟಕಿಯಿಂದ ನೋಡಿದೆ. ಒಂದು ಕೆಟ್ಟ ಪದ್ಧತಿ ನಿಂತಿತಲ್ಲ ಎಂದು ಒಳಗೊಳಗೇ ಬೀಗಿದೆ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ಹೇಳಿಕೊಂಡೆ. "ಸರಿ ಬಿಡು ಲೀಡರಮ್ಮ" ಎಂದು ಅವನು ನಕ್ಕ.

ಒಂದೇ ಒಂದು ಬುಧವಾರ ನಾನು ಬಾಲವಾಡಿಗೆ ಹೋದೆ. ಕೋಟೆಯೊಳಗಿನ ಒಂದಿಬ್ಬರು ಬಂದಿದ್ದರು, ಕೇರಿಯಿಂದ ಯಾರೂ ಇರಲಿಲ್ಲ. ರಾಗಿ ಕೊಯ್ಲಿನ ಕಾಲ, ಕೆಲಸವಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಬಂದು ನನ್ನನ್ನು ಹೆರಿಗೆಗೆ ಹೊಸೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಒಳ್ಳೆ ಆಸ್ಪತ್ರೆ, ಬಿಸಿನೀರು, ಅಮ್ಮನ ಬಾಣಂತನ. ಹೆಣ್ಣು ಮಗು ಹುಟ್ಟಿತು. ಊರಿನ ಸುದ್ದಿಯನ್ನು ಗಂಡ ಹೊತ್ತು ತರುತ್ತಿದ್ದನಾದರೂ ಅವನ ಸುದ್ದಿಯಲ್ಲಿ ಹಸು ಕರು ಹಾಕಿದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಕೇರಿಯ ಬಗ್ಗೆ ನಾನೂ ಕೇಳಲಿಲ್ಲ.

ಮಗುವಿನ ಕತ್ತು ನಿಂತ ಮೇಲೆ ಊರಿಗೆ ವಾಪಸ್ಸು ಬಂದೆ. ಬಂದ ಬುಧವಾರವೇ ಲಸಿಕೆ ಹಾಕಿಸಲು ಮಗುವನ್ನೆತ್ತಿಕೊಂಡು ಬಾಲವಾಡಿಗೆ ಹೋದೆ. ನರ್ಸಮ್ಮ ಒಬ್ಬರೇ ಕೂತು ಬಾಲವಾಡಿ ಟೀಚರ್ ಜೊತೆ ಹರಟುತ್ತಿದ್ದರು. ಕೇರಿಯವರೆಲ್ಲಿ ಎಂದು ಕೇಳಿದೆ. ಯಾರೂ ಬರುವುದೇ ಇಲ್ಲ, ಎರಡು ಸಲ ಕೇರಿಗೇ ಹೋಗಿ ಕರೆದೆ, ಆಗಲಿ ಎಂದು ತಲೆಯಾಡಿಸಿದರು, ಬರಲಿಲ್ಲ ಎಂದರು ನರ್ಸಮ್ಮ. "ನಾನ್ ಎನ್ನಮ್ಮಾ ಪಣ್ಣ?", ನಾನೇನು ಮಾಡಲಿ ಎಂದು ಕೈ ಚೆಲ್ಲಿದರು. ತಾತನ ಸೊಸೆ? ಅವಳೂ ಬಂದಿಲ್ಲ. ಅವಳಿಗೆ ರಕ್ತ ಕಮ್ಮಿಯಿದೆ ಎಂದು ನಮ್ಮ ಅಂಗಳದಲ್ಲಿ ಕೊನೆಯ ಸಲ ನೋಡಿದಾಗಲೇ ಮಾತ್ರೆ ಬರೆದಿದ್ದರಂತೆ. ಆಮೇಲೆ ಅವಳನ್ನು ಅವರು ನೋಡಿಯೇ ಇಲ್ಲ.

ಮಗುವಿಗೆ ಸೂಜಿ ಹಾಕಿಸುವುದನ್ನೂ ಮರೆತು, ಅದನ್ನೆತ್ತಿಕೊಂಡೇ ನಾನು ಅಲ್ಲಿಂದ ನೆಟ್ಟಗೆ ಕೇರಿಗೆ ಇಳಿದೆ. ಮದುವೆಯಾಗಿ ಬಂದ ಮೇಲೆ ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ತಳವಾರ ತಾತನದು ಮೊದಲನೇ ಮನೆ. ಅವನು ನನ್ನನ್ನು ಕಂಡು ಗಾಬರಿಯಾಗಿ ಎದ್ದು ನಿಂತ. ಒಳಗೆ ಚಾಪೆಯ ಮೇಲೆ ಸೊಸೆ ಮಲಗಿದ್ದಳು, ಪಕ್ಕದಲ್ಲಿ ಮಗು, ಅದೂ ಹೆಣ್ಣು. ನನ್ನ ಮಗುವಿಗಿಂತ ಮೊದಲು ಹುಟ್ಟಿದ್ದು, ನೋಡಿದರೆ ಅರ್ಧದಷ್ಟಿತ್ತು. ದಿನ ತುಂಬುವ ಮೊದಲೇ ಮನೆಯಲ್ಲೇ ಹೆರಿಗೆಯಾಗಿತ್ತು. ರಕ್ತ ನಿಲ್ಲದೆ, ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದಿದ್ದರು. ಉಳಿದುಕೊಂಡಿದ್ದೇ ಹೆಚ್ಚು. ಮಗುವಿಗೆ ಒಂದು ಲಸಿಕೆಯೂ ಬಿದ್ದಿರಲಿಲ್ಲ.

"ನರ್ಸಮ್ಮನ ಹತ್ರ ಯಾಕೆ ಹೋಗ್ಲಿಲ್ಲ ತಾತ? ಇಲ್ಲೇ ಬಾಲವಾಡಿಗೆ ಬರ್ತಿದ್ರಲ್ಲ" ಎಂದೆ. ನನ್ನ ದನಿ ಏರಿತ್ತು. ತಪ್ಪು ಅವನದು ಎಂದೇ ನಾನು ಆ ಗಳಿಗೆಯಲ್ಲಿ ನಂಬಿದ್ದೆ.

"ಅದೆಂಗೆ ಹೋಗದು ತಾಯಿ?" ಎಂದ ತಾತ, ಇದು ನನಗೇ ಗೊತ್ತಿರಬೇಕಾದ ವಿಷಯ ಎನ್ನುವ ಹಾಗೆ. "ಹೇಳಿಕೆ ನಿಂತೋಯ್ತು. ನರ್ಸಮ್ಮ ನಿಮ್ಮನೆ ಜಗ್ಲಿ ಬಿಟ್ಬುಟ್ಲು. ನೀವೇ ಆಚೆಗೆ ಕಳಿಸಿದ್ರಂತೆ. ಗೌಡ್ರ ಮನೇಗೆ ಅವಳ ಮ್ಯಾಲೆ ಕ್ವಾಪ ಅಂತ ಊರೆಲ್ಲ ಗೊತ್ತು. ಮನೆಯೋರು ಬ್ಯಾಡ ಅಂದೋಳ ತಾವ ನಾವು ಹೋದ್ರೆ ಸರಿ ಇರ್ತದಾ? ನಾನೇ ಕೇರಿಯೋರ್ಗೆಲ್ಲ ಹೇಳ್ದೆ, ಯಾರೂ ಹೋಗ್ಬ್ಯಾಡ್ರಿ ಅಂತ."

ಅವನ ಮುಖದಲ್ಲಿ ದೂರು ಇರಲಿಲ್ಲ. ಮನೆಯ ಮಾನ ಕಾಪಾಡಿದ ಸಮಾಧಾನ ಇತ್ತು. ಸೊಸೆ ರಕ್ತದಲ್ಲಿ ನೆನೆದು ಮಲಗಿದಾಗಲೂ ಅವನು ನಮಗೆ ನಿಷ್ಠನಾಗಿದ್ದ. ಕುದುರೆಯ ಮೇಲೆ ಬಂದವರ ಕಾಲದಿಂದ ಅವನ ಹಿರಿಯರು ಮಾಡಿಕೊಂಡು ಬಂದದ್ದೇ ಅದು, ನಮ್ಮ ಮನೆಯ ಮುಖ ಯಾವ ಕಡೆಗಿದೆ ಎಂದು ನೋಡಿ ನಡೆಯುವುದು. ನಾನು ಬಾಗಿಲು ತೆರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಕೆಳಗಿದ್ದವರಿಗೆ ಗೌಡರ ಮನೆಯ ಸೊಸೆ ಬಾಗಿಲು ಹಾಕಿದ್ದು ಕಂಡಿತ್ತು. ಯಾರನ್ನೂ ಒಂದು ಮಾತು ಕೇಳದೆ, ಯಾರಿಗೂ ಒಂದು ಮಾತು ಹೇಳದೆ, ಹೊಸೂರಿನ ನೀರಿನ ಸಾಲಿನ ನ್ಯಾಯವನ್ನು ಇಲ್ಲಿ ತಂದು ಇಟ್ಟುಬಿಟ್ಟಿದ್ದೆ. ಅದರ ಬೆಲೆ ತೆತ್ತವಳು ಚಾಪೆಯ ಮೇಲಿದ್ದಳು.

ನಾನು ಅವಳ ಪಕ್ಕ ಕೂತೆ. ನರ್ಸಮ್ಮ ಇಷ್ಟೊತ್ತಿಗೆ ಬಸ್ಸು ಹತ್ತಿರುತ್ತಾರೆ, ಮುಂದಿನ ಬುಧವಾರ ಮಗುವನ್ನು ಎತ್ತಿಕೊಂಡು ಬಾ, ಸೂಜಿ ಹಾಕಿಸೋಣ ಎಂದೆ.

"ಹೇಳಿಕೆ ಕಳ್ಸಿ ಅಮ್ಮಾವ್ರೆ, ಬತ್ತೀನಿ" ಎಂದಳು.

ನನಗೆ ಅಳು ಬರುವಂತಾಯಿತು. ಹೇಳಿಕೆ ಗೀಳಿಕೆ ಏನೂ ಬೇಡ, ನರ್ಸಮ್ಮ ನಮ್ಮ ಮನೆಯವರಲ್ಲ, ಸರ್ಕಾರದವರು, ನಿನಗೋಸ್ಕರವೇ ಬರುವವರು, ನನ್ನ ಮಾತಿಗೆ ಕಾಯಬಾರದು ನೀನು, ಯಾರ ಅಪ್ಪಣೆಯೂ ನಿನಗೆ ಬೇಕಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಪೂರ್ತಿ ಕೇಳಿದಳು. ಆಮೇಲೆ ಮಾವನ ಮುಖ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದಳು.

"ಅಂಗಾರೆ, ಹೇಳಿಕೆ ಕಳ್ಸಾಕಿಲ್ಲ ಅಂತೀರಾ?"

ಮನೆಗೆ ಬಂದು ಮಗುವನ್ನು ತೊಟ್ಟಿಲಿಗೆ ಹಾಕಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ನಾನು ಹೇಳಿದ್ದೆ ನೋಡು ಎನ್ನುತ್ತಾರೆ ಎಂದು ಕಾದೆ, ಅವರು ಅನ್ನಲಿಲ್ಲ. ಹೆರಿಗೆಯ ಸುದ್ದಿ ಅವರಿಗೂ ಗೊತ್ತಿತ್ತು. ಹಾಲಿನ ವ್ಯಾನಿಗೆ ಹೇಳಿ ಕಳಿಸಿದವರು ಅವರೇ. ಅವತ್ತಿನಿಂದ ಅವರಿಗೂ ನಿದ್ದೆ ಸರಿಯಿರಲಿಲ್ಲವಂತೆ. "ನಿನ್ಮೇಲಿನ ಸಿಟ್ಟಿಗೆ ನಾನೂ ಸುಮ್ಕಿದ್ಬುಟ್ಟೆ" ಎಂದರು. ಸೊಪ್ಪಿನ ದಂಟನ್ನು ಮುರಿಯುತ್ತಾ ಮತ್ತೆ ಹೇಳಿದರು, "ಮಂಗಳವಾರ ಹೇಳಿಕೆ ಕಳ್ಸು. ನಾನು ಕಳ್ಸಾಕಿಲ್ಲ. ನೀನ್ ನಿಲ್ಲಿಸಿದ್ದು, ನೀನೇ ಕಳ್ಸು."

ಮಂಗಳವಾರ ಸಾಯಂಕಾಲ ತಳವಾರ ತಾತನನ್ನು ಕರೆಸಿ ನಾನು ಜಗಲಿಗೆ ಹೋಗಿ ನಿಂತೆ. ಮೊದಲು ಅಂಗಳಕ್ಕೆ ಇಳಿದು ತಾತನ ಎದುರು ನಿಂತು ಹೇಳೋಣ ಎಂದುಕೊಂಡಿದ್ದೆ. ನಾನು ಒಂದು ಮೆಟ್ಟಿಲು ಇಳಿದೆ, ಅವನು ಅಷ್ಟೇ ದೂರ ಹಿಂದಕ್ಕೆ ಸರಿದ. ಇನ್ನೊಂದು ಇಳಿದೆ, ಇನ್ನೂ ಸರಿದ. ಹೀಗೇ ಇಳಿದರೆ ಅವನು ಬಸ್ಸು ನಿಲ್ಲುವ ಕಲ್ಲುಗಂಬದವರೆಗೂ ಹೋಗುತ್ತಾನೆ ಎನಿಸಿ ವಾಪಸ್ಸು ಮೇಲೆ ಹತ್ತಿದೆ. ಅವನು ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಕಾದ. "ನಾಳೆ ನರ್ಸಮ್ಮ ಬಾಲವಾಡಿಗೆ ಬರ್ತಾರೆ, ಕೇರಿಗೆಲ್ಲ ಹೇಳ್ಬುಟ್ಟು ಬಾ" ಎಂದೆ. ಬನ್ನಿ ಎನ್ನಬೇಕೆಂದಿದ್ದೆ, ಅಭ್ಯಾಸದ ಮಾತು ಅಭ್ಯಾಸದ ಹಾಗೇ ಬಾಯಿಂದ ಬಂತು. "ಅಪ್ಪಣೆ ತಾಯಿ" ಎಂದ. ಅವನ ಬೆನ್ನು ನೆಟ್ಟಗಾಗಿದ್ದನ್ನು ನೋಡಿದೆ, ಕಾಲಲ್ಲಿ ಹುರುಪು ಬಂದಿದ್ದನ್ನೂ ನೋಡಿದೆ.

ಬುಧವಾರ ಕೇರಿಗೆ ಕೇರಿಯೇ ಬಂತು. ಬಾಲವಾಡಿಯ ಒಳಗೆ ಜಾಗ ಸಾಲಲಿಲ್ಲ. ತಾತನ ಸೊಸೆ ಗೋಡೆ ಹಿಡಿದು ನಡೆದು ಬಂದಳು. ನಾನು ಎಲ್ಲರ ಹಿಂದೆ ನಿಂತೆ, ಅವರೆಲ್ಲ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಬೇಡ ಎಂದೆ, ಯಾರೂ ಕದಲಲಿಲ್ಲ. ನಾನು ಮುಂದೆ ಹೋಗದೆ ನರ್ಸಮ್ಮ ಶುರು ಮಾಡುವ ಹಾಗಿರಲಿಲ್ಲ. ಕೊನೆಗೆ ತಾತನ ಸೊಸೆಯ ಕೈ ಹಿಡಿದು ಜೊತೆಗೆ ಕರೆದುಕೊಂಡು ಹೋಗಿ ಅವಳ ಮಗುವಿಗೆ ಮೊದಲು ಹಾಕಿಸಿದೆ. ಸೂಜಿ ಚುಚ್ಚಿದಾಗ ಆ ಸಣ್ಣ ಮಗು ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಅದರ ಗಂಟಲಿನಲ್ಲಿ ಅಷ್ಟು ಶಕ್ತಿ ಇದೆಯಲ್ಲ ಎಂದು ಅದರ ತಾಯಿ ನಕ್ಕಳು, ಪೂರ್ತಿ ನಗು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅಂದಿನಿಂದ ಪ್ರತಿ ಮಂಗಳವಾರ ನಾನು ಜಗಲಿಗೆ ಬಂದು ನಿಲ್ಲುತ್ತೇನೆ. ಸರ್ಕಾರದ ಬಿಟ್ಟಿ ಟಿ.ವಿ. ಹಂಚುವಾಗ, ರೇಷನ್ ಕಾರ್ಡಿಗೆ ಫೋಟೋ ತೆಗೆಯುವಾಗ, ಎಲ್ಲಕ್ಕೂ ಹೇಳಿಕೆ ನನ್ನದೇ. ಒಂದು ವಾರ ಬೇಕೆಂದೇ ಸುಮ್ಮನಿದ್ದು ನೋಡಿದೆ, ಕೇರಿಯಿಂದ ಒಬ್ಬರೂ ಬರಲಿಲ್ಲ. ಮಕ್ಕಳ ಆರೋಗ್ಯ ಇಟ್ಟುಕೊಂಡು ಪರೀಕ್ಷೆ ಮಾಡಲು ಎರಡನೇ ಸಲ ಧೈರ್ಯ ಬರಲಿಲ್ಲ. ಇದು ಹೀಗೇ ಮುಂದುವರಿಯುವುದು ತಪ್ಪು ಎಂದು ಗೊತ್ತು. ನಿಲ್ಲಿಸಿದರೆ ಆಗುವ ತಪ್ಪು ಯಾರ ಮೈಮೇಲೆ ಬೀಳುತ್ತದೆ ಎನ್ನುವುದೂ ಗೊತ್ತು. ಅತ್ತೆ ಅಟ್ಟದಿಂದ ಬಾಣಲೆ ಇಳಿಸಿದರು, ನಾನೀಗ ಅವರಿಗಿಂತ ಒಳ್ಳೆ ಕಾಫಿ ಮಾಡುತ್ತೇನೆ ಎನ್ನುತ್ತಾರೆ.

ಮಕ್ಕಳಿಬ್ಬರೂ ಬಾಲವಾಡಿಯಲ್ಲಿ ಒಟ್ಟಿಗೆ ಕೂತು ಬೆಳೆದರು. ಅಲ್ಲಿ ಎಲ್ಲರಿಗೂ ಒಂದೇ ಚಾಪೆ, ಊಟಕ್ಕೆ ಎಲ್ಲರಿಗೂ ಅದೇ ಮೊಟ್ಟೆ. ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಅವರಿಬ್ಬರೂ ಒಂದನೇ ಕ್ಲಾಸಿಗೆ ಸೇರುವ ವರ್ಷ, ಒಂದು ಸಾಯಂಕಾಲ ಅಂಗಳದಲ್ಲಿ ಆಡುವುದು ಕೇಳಿಸಿತು. ಕಿಟಕಿಯಿಂದ ಬಗ್ಗಿ ನೋಡಿದೆ. ನನ್ನ ಮಗಳು ಜಗಲಿಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ತಾತನ ಮೊಮ್ಮಗಳು ಕೆಳಗೆ ಅಂಗಳದಲ್ಲಿ ನಿಂತು, ನಮ್ಮ ತಂತಿಯ ಮೇಲೆ ಒಣಹಾಕಿದ್ದ ಟವೆಲನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದಳು.

"ಕೇರಿಗೆಲ್ಲ ಹೇಳ್ಬುಟ್ಟು ಬಾ" ಎಂದಳು ನನ್ನ ಮಗಳು, ನನ್ನದೇ ದನಿಯಲ್ಲಿ.

"ಅಪ್ಪಣೆ ತಾಯಿ" ಎಂದು ಆ ಮಗು ನಗುತ್ತಾ ಓಡಲು ಹೊರಟಿತು.

ನಾನು ಹೊರಗೆ ಬಂದೆ. ನನ್ನ ಮಗಳನ್ನು ಬೈಯಲು ಬಾಯಿ ಬರಲಿಲ್ಲ, ಅವಳು ಯಾರಿಂದ ಕಲಿತಳು ಎಂದು ಕೇಳುವ ಮುಖ ನನಗಿರಲಿಲ್ಲ. ಆ ಹುಡುಗಿಯ ಕಡೆ ತಿರುಗಿ, ಆ ಟವೆಲ್ ಬಿಚ್ಚು, ಮೇಲೆ ಬಾ, ಇಲ್ಲಿ ಅವಳ ಪಕ್ಕ ಕೂತ್ಕೋ ಎಂದೆ. ಅವಳು ನಗು ನಿಲ್ಲಿಸಿ, ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಮೆಟ್ಟಿಲು ಹತ್ತಿ ಬಂದು ನಾನು ತೋರಿಸಿದ ಜಾಗದಲ್ಲಿ ಕೂತಳು. ಆಮೇಲೆ ನನ್ನ ಮುಖ ನೋಡುತ್ತಾ, ಮುಂದೆ ಏನು ಹೇಳುತ್ತೇನೋ ಎಂದು ಕಾದಳು.